ಕಣ್ಣು ಮುಚ್ಚುವ ಕೆಲಸ

ಹುಬ್ಬಳ್ಳಿಯ ಕಣ್ಣಿನ ಡಾಕ್ಟರರು ನನಗೆ ಒಂದು ಸಣ್ಣ ಬಾಟಲಿ ಔಷಧ ಕೊಟ್ಟರು. ಬೆಳಿಗ್ಗೆ ಸಂಜೆ ಎರಡೂ ಕಣ್ಣಿಗೆ ಹನಿ ಹಾಕಿಸಿಕೊಳ್ಳಬೇಕು, ಆಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಸುಮ್ಮನೆ ಕುಳಿತಿರಬೇಕು, ಅಷ್ಟೇ ಎಂದರು. ಆ ‘ಅಷ್ಟೇ’ಯನ್ನು ಅವರು ಬಹಳ ಸುಲಭವಾಗಿ ಹೇಳಿಬಿಟ್ಟರು. ಕಣ್ಣು ಮುಚ್ಚಿ ಕೂಡುವುದು ನನ್ನಿಂದ ಆಗದ ಕೆಲಸ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ.

ಬಲಗಣ್ಣು ನನ್ನ ಮಾತು ಕೇಳುತ್ತದೆ. ಎಡಗಣ್ಣು ಮಾತ್ರ, ರೆಪ್ಪೆಗೆ ರೆಪ್ಪೆ ಕೂಡಿತು ಎನ್ನುವಷ್ಟರಲ್ಲಿ ಒಂದು ಎಳೆಯಷ್ಟು ತೆರೆದುಕೊಂಡು, ಲೋಕದಲ್ಲಿ ಏನು ನಡೆದಿದೆ ಎಂದು ನೋಡಿಬಿಡುತ್ತದೆ. ನಡೆದದ್ದೇನೂ ಇರುವುದಿಲ್ಲ. ಧಾರವಾಡದ ಸಪ್ತಾಪುರದ ನಮ್ಮ ಬಾಡಿಗೆ ಮನೆಯ ಪಡಸಾಲೆ, ಗೋಡೆಗೆ ಒರಗಿಸಿದ ಸೈಕಲ್ಲು, ತಿದ್ದದೆ ಬಿದ್ದಿರುವ ಹುಡುಗರ ಉತ್ತರಪತ್ರಿಕೆಗಳು, ಎದುರಿಗೆ ಬಾಟಲಿ ಹಿಡಿದು ಕಾವಲು ನಿಂತ ನನ್ನ ಹೆಂಡತಿ.

“ಮತ್ತ ತೆಗದ್ರಿ,” ಎನ್ನುತ್ತಾಳೆ ಅವಳು. “ಔಷಧ ಎಲ್ಲಾ ಗಲ್ಲದ ಮ್ಯಾಲೆ ಇಳೀತು. ಸಣ್ಣ ಕೂಸರೆ ಹೇಳಿದ್ದು ಕೇಳ್ತೈತಿ.”

ನಾನು ಇದಕ್ಕೆ ಉತ್ತರ ಕೊಡುವುದಿಲ್ಲ. ಈಚೆಗೆ ಅನೇಕ ಮಾತುಗಳಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಕಾಲೇಜಿನಲ್ಲಿ ದಿನವೆಲ್ಲ ತರ್ಕಶಾಸ್ತ್ರ ಹೇಳಿ, ಯಾವ ಮಾತಿಗೆ ಯಾವ ಆಧಾರ, ಯಾವ ಆಧಾರಕ್ಕೆ ಎಷ್ಟು ಬೆಲೆ ಎಂದು ಕೂಗಿ ಬಂದವನಿಗೆ ಮನೆಯಲ್ಲಿ ಬಾಯಿ ತೆರೆಯಲು ಬೇಸರ. ಆದರೆ ಎಡಗಣ್ಣಿನ ಬಗ್ಗೆ ನಿಮಗೆ ಹೇಳಬಹುದು. ಅದಕ್ಕೆ ಈ ಚಟ ಹತ್ತಿದ್ದು ಪ್ರಾರ್ಥನೆಯಲ್ಲಿ.

ನಮ್ಮದು ಕ್ರೈಸ್ತರ ಮನೆ. ಧಾರವಾಡದ ಮಿಶನ್ನಿನ ಓಣಿಯಲ್ಲಿ ನಾನು ಹುಟ್ಟಿ ಬೆಳೆದೆ. ಅಲ್ಲಿ ವಾರಕ್ಕೊಮ್ಮೆ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆ ಕೂಡುತ್ತಿತ್ತು. ಭಾನುವಾರ ದೇವಾಲಯದಲ್ಲಿ ಪಾದ್ರಿಗಳು ಮಾಡುವ ಪ್ರಾರ್ಥನೆ ಅಚ್ಚಾದದ್ದು. ನೋಡಿ ಓದಿದರೆ ಮುಗಿಯಿತು. ಮನೆಯ ಪ್ರಾರ್ಥನೆ ಹಾಗಲ್ಲ, ಆಗಿಂದಾಗ ಬಾಯಿಂದ ಬರಬೇಕು. ಹಾಡು ಮುಗಿದ ಮೇಲೆ ಸಭೆಯ ಹಿರಿಯರು ಸುತ್ತಲೂ ಒಮ್ಮೆ ನೋಡಿ, ಒಬ್ಬರ ಹೆಸರು ಹಿಡಿದು “ನೀವು ನಡಸ್ರಿ” ಎನ್ನುವರು. ಆ ಮನುಷ್ಯ ಎದ್ದು ನಿಲ್ಲುವನು. ಉಳಿದವರೆಲ್ಲ ಚಾಪೆಯ ಮೇಲೆ ತಲೆ ಬಾಗಿಸಿ ಕಣ್ಣು ಮುಚ್ಚುವರು. ಅವನು ಆಮೆನ್ ಎನ್ನುವವರೆಗೆ ಯಾರೂ ಕಣ್ಣು ತೆರೆಯುವಂತಿಲ್ಲ.

ಎಲ್ಲರೂ ಕಣ್ಣು ಮುಚ್ಚಿಕೊಂಡಿರುವ ಕೋಣೆಯಲ್ಲಿ ಒಬ್ಬನೇ ಕಣ್ಣು ತೆರೆದುಕೊಂಡಿರುವುದರ ಸುಖವನ್ನು ಬಲ್ಲವರೇ ಬಲ್ಲರು. ಹಿರಿಯರಾದ ಯೋನಪ್ಪನವರು ಪ್ರಾರ್ಥನೆ ಉದ್ದವಾದಂತೆ ತಮ್ಮ ಮೀಸೆಯ ಒಂದೊಂದೇ ಕೂದಲನ್ನು ತಿರುವುತ್ತಿದ್ದರು. ಹಂಚಿನ ವ್ಯಾಪಾರದ ದಾನಪ್ಪನವರು, ಕೈ ಜೋಡಿಸಿಕೊಂಡೇ, ಕಾಲಿನ ಹೆಬ್ಬೆರಳಿನಿಂದ ಇನ್ನೊಂದು ಕಾಲನ್ನು ಕೆರೆದುಕೊಳ್ಳುತ್ತಿದ್ದರು. ಒಳಗೆ ಚಹದ ನೀರು ಕುದಿಯುವ ಸಪ್ಪಳ. ಒಗ್ಗರಣೆ ಹಾಕಿದ ಚುರಮುರಿಯ ವಾಸನೆ ಬಂದಾಗ ಎಷ್ಟು ಮೂಗುಗಳು ದೇವರನ್ನು ಬಿಟ್ಟು ಅಡಿಗೆಮನೆಯ ಕಡೆ ತಿರುಗುತ್ತಿದ್ದವು ಎಂಬುದನ್ನು ನಾನು ನೋಡಿದ್ದೇನೆ. ಆಮೇಲೆ ಪುಣೆಗೆ ಹೋಗಿ, ಮನುಷ್ಯನ ಮನಸ್ಸಿನ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿ, ಹೆಸರಿನ ಮುಂದೆ ಅಕ್ಷರ ಹಚ್ಚಿಕೊಂಡು ಬಂದೆ. ಚಾಪೆಯ ಮೇಲೆ ಕಂಡದ್ದಕ್ಕಿಂತ ಹೆಚ್ಚಿನದೇನೂ ಆ ಪುಸ್ತಕಗಳಲ್ಲಿ ಸಿಗಲಿಲ್ಲ.

ಅವ್ವನಿಗೆ ನನ್ನ ಗುಟ್ಟು ಗೊತ್ತಿತ್ತು. ತಾನು ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ನನ್ನ ತೊಡೆ ಚಿವುಟುತ್ತಿದ್ದಳು. ಮುಚ್ಚಿದ ಕಣ್ಣಿಗೆ ನನ್ನ ತೆರೆದ ಕಣ್ಣು ಹೇಗೆ ಕಾಣುತ್ತಿತ್ತು ಎಂದು ಆಗ ಆಶ್ಚರ್ಯ. ಅವಳೂ ಒಂದೆಳೆ ತೆರೆದುಕೊಂಡಿರುತ್ತಿದ್ದಳೋ ಏನೋ ಎಂಬ ಸಂಶಯ ಈಗ. ಸಂಶಯ ಪಡುವುದಕ್ಕೇ ನನಗೆ ಪಗಾರ ಕೊಡುತ್ತಾರೆ.

ಅಪ್ಪನ ವಿಷಯಕ್ಕೆ ಬರುತ್ತೇನೆ. ಅಪ್ಪ ಮಿಶನ್ ಸಾಲೆಯಲ್ಲಿ ಗಣಿತದ ಮಾಸ್ತರರು. ಊರಲ್ಲಿ ಸಾಮುವೇಲ ಮಾಸ್ತರ ಎನ್ನುತ್ತಿದ್ದರು. ತೆಳ್ಳಗಿನ ಆಳು, ಯಾವಾಗಲೂ ಸ್ವಲ್ಪ ಕಟ್ಟಿದಂತಿರುವ ಗಂಟಲು, ತಲೆಗೆ ಬಿಳಿಯ ರುಮಾಲು. ಕಲಿಸುವುದರಲ್ಲಿ ಅವರಿಗೆ ಅಂಥ ಹೆಸರೇನೂ ಇರಲಿಲ್ಲ. ಹೆಸರು ಇದ್ದದ್ದು ಪ್ರಾರ್ಥನೆಯಲ್ಲಿ. ಎದ್ದು ನಿಂತು, ರುಮಾಲು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, “ಓ ಕರ್ತನೇ” ಎಂದರೆ ಕಟ್ಟಿದ ಗಂಟಲು ಎಲ್ಲಿ ಹೋಗುತ್ತಿತ್ತೋ. ಮನೆಯಲ್ಲಿ “ನೀರ ಕೊಡವಾ” ಎನ್ನುವವರು ಅಲ್ಲಿ “ದಯಪಾಲಿಸು” ಎನ್ನುತ್ತಿದ್ದರು. ಮಾತು ಮೊದಲು ಆಕಾಶದಲ್ಲಿ ಇರುತ್ತಿತ್ತು. ಆಮೇಲೆ ಹೊಲಗಳಿಗೆ ಇಳಿಯುತ್ತಿತ್ತು. ಅಲ್ಲಿಂದ ನಮ್ಮ ಊರಿಗೆ, ಊರಿನಿಂದ ನಾವು ಕುಳಿತ ಮನೆಗೆ, ಕೊನೆಗೆ ಆ ಮನೆಯಲ್ಲಿ ಯಾರಿಗೆ ಕಷ್ಟವಿದೆಯೋ ಅವರ ಹೆಸರಿಗೆ. ಹೆಸರು ಬರುವ ಮೊದಲು ಅಪ್ಪ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಅಷ್ಟರಲ್ಲಿ ಹೆಂಗಸರ ಸೀರೆಯ ಸೆರಗು ಕಣ್ಣಿಗೆ ಹೋಗಿರುತ್ತಿತ್ತು.

ನನಗೂ ನನ್ನ ಅಕ್ಕ ರಾಹೇಲಳಿಗೂ ಈ ಹಾದಿ ಬಾಯಿಪಾಠವಾಗಿತ್ತು. ಅದು ನಮಗೆ ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಟಾಂಗಾದ ಹಾದಿ ಇದ್ದಂತೆ. ಆಕಾಶ ಮುಗಿದರೆ ಅಕ್ಕ ನನ್ನ ಕಿವಿಯಲ್ಲಿ “ನವಲೂರ ದಾಟಿತು” ಎನ್ನುವಳು. ಹೊಲ ಮುಗಿದರೆ ರಾಯಾಪುರ. ಅಪ್ಪ ಸುಮ್ಮನಾದರೆ “ಉಣಕಲ್ಲ ಕೆರಿ ಬಂತು” ಎನ್ನುವಳು. ಅಂದರೆ ಇನ್ನು ನೀರು ಕಾಣುತ್ತದೆ ಎಂದರ್ಥ. ಕಾಣುತ್ತಿತ್ತು ಕೂಡ.

ಈ ಕೀರ್ತಿ ನಮ್ಮ ಓಣಿಯಲ್ಲೇ ನಿಲ್ಲಲಿಲ್ಲ. ಆಚೆ ಬೀದಿಯ ಗೋವಿಂದರಾಯರು, ಪೋಸ್ಟಿನಲ್ಲಿ ಕಾರಕೂನರು, ಗಾಯನವೆಂದರೆ ಊಟ ಮರೆಯುವವರು. ನಮ್ಮ ಮನೆಯಲ್ಲಿ ಪ್ರಾರ್ಥನೆ ಇದ್ದ ದಿನ ಹೊರಗಿನ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು. ಮರುದಿನ ಅಪ್ಪನನ್ನು ದಾರಿಯಲ್ಲಿ ನಿಲ್ಲಿಸಿ, “ಮಾಸ್ತರ, ನಿನ್ನೆ ಭಾಳ ರಂಗೇರಿತು ನೋಡ್ರಿ. ನಡುವ ಒಮ್ಮೆ ಸುಮ್ಮನಾದ್ರೆಲ್ಲಾ, ಅಲ್ಲೆ ನನ್ನ ಮೈ ಝುಂ ಅಂತು,” ಎನ್ನುವರು. ಅಪ್ಪ “ಎಲ್ಲಾ ಆತನ ಕೃಪಾ” ಎಂದು ನೆಲ ನೋಡುತ್ತಿದ್ದರು. ಆದರೆ ಆ ದಿನ ಸಾಲೆಗೆ ಹೋಗುವಾಗ ಅವರ ಬೆನ್ನು ನೆಟ್ಟಗಿರುತ್ತಿತ್ತು. ಹಿಂದೆ ನಡೆಯುವ ಮಕ್ಕಳಿಗೆ ತಂದೆಯ ಬೆನ್ನು ಚೆನ್ನಾಗಿ ಗೊತ್ತಿರುತ್ತದೆ.

ಪ್ರಾರ್ಥನೆ ಮುಗಿಸಿ ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತ ಅಪ್ಪ ಅವ್ವನನ್ನು ಕೇಳುವ ಮಾತು ಒಂದೇ. “ಹೆಂಗಾತು?”

“ಛಲೋ ಆತು,” ಎನ್ನುವಳು ಅವ್ವ. ಅಷ್ಟು ಕೇಳಿದ ಮೇಲೆಯೇ ಅಪ್ಪ ತಾಟಿನ ಮುಂದೆ ಕೂಡುತ್ತಿದ್ದರು. ಒಮ್ಮೆ ಮಾತ್ರ ರೊಟ್ಟಿ ಸೀದು ಸಿಟ್ಟಿನಲ್ಲಿದ್ದ ಅವ್ವ, “ನನಗೇನ ಕೇಳ್ತೀರಿ, ಯಾರಿಗೆ ಮಾಡಿದ್ರೋ ಅವರನ್ನ ಕೇಳ್ರಿ,” ಎಂದುಬಿಟ್ಟಳು. ಅಪ್ಪ ಆ ದಿನ ಸರಿಯಾಗಿ ಉಣ್ಣಲಿಲ್ಲ. ಅಥವಾ ರೊಟ್ಟಿ ಸೀದದ್ದಕ್ಕೇ ಉಣ್ಣಲಿಲ್ಲವೋ. ನೆನಪು ಎರಡಕ್ಕೂ ಸಾಕ್ಷಿ ಹೇಳುತ್ತದೆ.

ಆ ಕಾಲಕ್ಕೆ ಅಪ್ಪನಿಗೆ ಒಂದು ಆಸೆಯಿತ್ತು. ಯೋನಪ್ಪನವರಿಗೆ ವಯಸ್ಸಾಗಿತ್ತು, ಸಭೆಗೆ ಹೊಸ ಹಿರಿಯರನ್ನು ಆರಿಸಬೇಕಾಗಿತ್ತು. ಎಲ್ಲರ ಬಾಯಲ್ಲೂ ಸಾಮುವೇಲ ಮಾಸ್ತರರ ಹೆಸರೇ. ಸಂಬಳ ಇಲ್ಲದ, ಕೆಲಸ ಬಹಳ ಇರುವ, ದೇವಾಲಯದಲ್ಲಿ ಮುಂದಿನ ಸಾಲಿನ ಬಾಕಿನ ಮೇಲೆ ಕೂಡುವ ಮರ್ಯಾದೆಯಷ್ಟೇ ಇರುವ ಹುದ್ದೆ ಅದು. ಗಣಿತದಲ್ಲಿ ಹೆಸರು ಬಾರದ ಮಾಸ್ತರರಿಗೆ ಆ ಬಾಕು ಎಷ್ಟು ದೊಡ್ಡದಾಗಿ ಕಂಡಿತ್ತು ಎಂಬುದು ಮನೆಯವರಾದ ನಮಗೇ ಗೊತ್ತು. ಅವ್ವ ಆಗಲೇ ಮುಂದಿನ ಸಾಲಿನಲ್ಲಿ ಉಟ್ಟು ಕೂಡಲಿಕ್ಕೆಂದು ಒಂದು ಇಳಕಲ್ಲ ಸೀರೆ ತೆಗೆದಿಟ್ಟಿದ್ದಳು.

ಅಷ್ಟರಲ್ಲಿ ಅಮ್ಮಿನಬಾವಿಯಿಂದ ಸುದ್ದಿ ಬಂತು. ಅಲ್ಲಿ ನಮ್ಮವರ ಕೆಲವೇ ಮನೆಗಳು. ಅದರಲ್ಲಿ ಮಾರ್ತವ್ವ ಎಂಬ ವಿಧವೆ, ಒಕ್ಕಲುತನದಾಕೆ. ಅವಳ ಒಬ್ಬನೇ ಮಗ, ಹೊಲ ನೋಡಿಕೊಳ್ಳುತ್ತಿದ್ದ ಹರೆಯದ ಹುಡುಗ, ಜ್ವರದಲ್ಲಿ ಹೋಗಿಬಿಟ್ಟಿದ್ದ. ಮಣ್ಣು ಕೊಟ್ಟ ಮೇಲೆ ಮನೆಯಲ್ಲಿ ಪ್ರಾರ್ಥನೆಗೆ ಧಾರವಾಡದಿಂದ ಚಕ್ಕಡಿ ಕಟ್ಟಿಕೊಂಡು ಎಲ್ಲರೂ ಹೋದರು.

ಅಲ್ಲಿನದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮಣ್ಣಿನ ಮನೆ, ಗೋಡೆಯ ಮಾಡದಲ್ಲಿ ಎಣ್ಣೆಯ ದೀಪ, ಕೊಟ್ಟಿಗೆಯಿಂದ ಬರುವ ಹಸಿ ಕಣಿಕಿ ಮೇವಿನ ವಾಸನೆ. ಮಾರ್ತವ್ವ ಬೀಸುಕಲ್ಲಿನ ಪಕ್ಕದಲ್ಲಿ, ಅದಕ್ಕೆ ಒಂದು ಕೈ ಆನಿಸಿ ಕುಳಿತಿದ್ದಳು. ಅಪ್ಪ ಎದ್ದು ನಿಂತರು. ಆಕಾಶ ಮುಗಿಯಿತು. ಹೊಲ ಬಂತು, ಆ ದಿನ ಹೊಲದ ಮಾತು ಎಂದಿಗಿಂತ ಚೆನ್ನಾಗಿತ್ತು, ಏಕೆಂದರೆ ಹುಡುಗ ಬಿತ್ತಿದ ಜೋಳ ಹೊರಗೆ ತೆನೆಯಾಗಿ ನಿಂತಿತ್ತು. ಊರು, ಮನೆ. ಅಪ್ಪ ಸುಮ್ಮನಾದರು. ಸುತ್ತಲೂ ಮೂಗು ಎಳೆಯುವ ಸಪ್ಪಳ. ದಾನಪ್ಪನವರ ಭುಜ ಕೂಡ ಅಲುಗುತ್ತಿತ್ತು. ಮಾರ್ತವ್ವ ಅಳಲಿಲ್ಲ. ಕಣ್ಣು ಮುಚ್ಚಿ, ಬೀಸುಕಲ್ಲಿನ ಮೇಲೆ ಕೈಯಿಟ್ಟು, ಹಾಗೇ ಇದ್ದಳು. ಆಗ ನಾನು ಅಪ್ಪನ ಮುಖ ನೋಡಿದೆ. ಅಪ್ಪನ ಒಂದು ಕಣ್ಣು ತೆರೆದಿತ್ತು. ಅದು ಮಾರ್ತವ್ವನನ್ನು ನೋಡುತ್ತಿತ್ತು. ಅಲ್ಲಿಂದ ಹೊರಳಿ ನನ್ನ ಕಣ್ಣಿಗೆ ಸಿಕ್ಕಿತು.

ಅಪ್ಪನ ಬಾಯಲ್ಲಿದ್ದ ಮಾತು ಅರ್ಧಕ್ಕೆ ನಿಂತಿತು. ಮುಂದೆ ಏನೂ ಬರಲಿಲ್ಲ. “ಆಮೆನ್” ಎಂದು ಕೂತುಬಿಟ್ಟರು.

ಇದರಿಂದ ಏನಾಗಬೇಕಾಗಿತ್ತೋ ಅದರ ಉಲ್ಟಾ ಆಯಿತು. ದುಃಖ ಉಕ್ಕಿ ಮಾಸ್ತರರಿಗೆ ಮಾತೇ ಹೊರಡಲಿಲ್ಲ ಎಂದು ಎಲ್ಲರೂ ತಿಳಿದರು. ಇಂಥ ಪ್ರಾರ್ಥನೆ ತಮ್ಮ ಜನ್ಮದಲ್ಲಿ ಕೇಳಿಲ್ಲ ಎಂದರು ಯೋನಪ್ಪನವರು. ಮಾತಿದ್ದ ಪ್ರಾರ್ಥನೆಗಿಂತ ನಿಂತ ಪ್ರಾರ್ಥನೆಗೆ ಹೆಚ್ಚು ಹೆಸರು ಬಂತು. ಕಟ್ಟೆಯ ಮೇಲೆ ಕೂಡುವ ಗೋವಿಂದರಾಯರಿಗೂ ಸುದ್ದಿ ಮುಟ್ಟಿ, ತಮಗೆ ಅದು ತಪ್ಪಿತಲ್ಲ ಎಂದು ಅವರು ಕೈ ಕೈ ಹಿಸುಕಿಕೊಂಡರು.

ಮುಂದಿನ ವಾರ ಪ್ರಾರ್ಥನೆ ದಾನಪ್ಪನವರ ಮನೆಯಲ್ಲಿ. ಹೊಸ ಮನೆ ಕಟ್ಟಿಸಿದ್ದರು, ಊರವರನ್ನೆಲ್ಲ ಕರೆದಿದ್ದರು. ಯೋನಪ್ಪನವರು “ಮಾಸ್ತರ, ನೀವು ನಡಸ್ರಿ” ಎಂದರು. ಜನ ಚಾಪೆಯ ಮೇಲೆ ಸರಿಯಾಗಿ ಕುಳಿತುಕೊಂಡರು. ಅಪ್ಪ ಎದ್ದರು, ರುಮಾಲು ತೆಗೆದರು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದರು.

“ಕರ್ತನ, ಈ ಮನಿಯವರು ನಿನಗ ಗೊತ್ತದಾರ. ಆಮೆನ್.”

ಮುಗಿಯಿತು. ದೇವರ ಜೊತೆ ಯಾರಾದರೂ ಹೀಗೆ ಓಣಿಯ ಭಾಷೆಯಲ್ಲಿ ಮಾತಾಡುತ್ತಾರೆಯೇ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಚಹ ಇನ್ನೂ ಕುದಿದಿರಲಿಲ್ಲ. ಅಪ್ಪನಿಗೆ ಮೈಯಲ್ಲಿ ಸರಿಯಿಲ್ಲ ಎಂದು ಕೆಲವರು ಅಂದುಕೊಂಡರು. ಇದರಲ್ಲೂ ಏನೋ ಆಳವಿದೆ ಎಂದು ಇನ್ನು ಕೆಲವರು ಹೊಗಳಿದರು. ಆ ಹೊಗಳಿಕೆ ಎರಡು ಮೂರು ವಾರ ನಡೆಯಿತು. ಆದರೆ ಅಪ್ಪ ಪ್ರತಿ ಮನೆಯಲ್ಲೂ ಅದೇ ಒಂದು ಸಾಲು ಹೇಳತೊಡಗಿದರು. ಮದುವೆಯ ಮನೆಗೂ ಅದೇ, ಮಗು ಹುಟ್ಟಿದ ಮನೆಗೂ ಅದೇ. ಆಗ ಜನರಿಗೆ ನೋವಾಯಿತು. ನಮ್ಮಲ್ಲಿ ಪ್ರಾರ್ಥನೆಯ ಉದ್ದದಿಂದ ಮನೆಯ ಮರ್ಯಾದೆಯನ್ನು ಅಳೆಯುವ ಪದ್ಧತಿ. ಕರೆದು, ಚಹ ಚುರಮುರಿ ಕೊಟ್ಟು, ಒಂದು ಸಾಲಿನ ಪ್ರಾರ್ಥನೆ ಮಾಡಿಸಿಕೊಳ್ಳುವುದು ಯಾರಿಗೆ ಬೇಕು. ದಾನಪ್ಪನವರಂತೂ ತಮ್ಮ ಹೊಸ ಮನೆಗೆ ಬೇಕೆಂದೇ ಅವಮಾನ ಮಾಡಿದರು ಎಂದು ಅಪ್ಪನ ಜೊತೆ ಮಾತನ್ನೇ ಬಿಟ್ಟರು. ನಿಧಾನಕ್ಕೆ “ನೀವು ನಡಸ್ರಿ” ಎಂಬ ಮಾತು ಅಪ್ಪನ ಕಡೆ ಬರುವುದು ನಿಂತಿತು. ಹಿರಿಯರ ಆಯ್ಕೆಯಲ್ಲಿ ದಾನಪ್ಪನವರು ಆರಿಸಿ ಬಂದರು. ಗೋವಿಂದರಾಯರು ಒಂದೆರಡು ಸಲ ಕಟ್ಟೆಯವರೆಗೆ ಬಂದು, ಒಳಗಿನಿಂದ ದಾನಪ್ಪನವರ ದನಿ ಕೇಳಿ ಹಾಗೇ ಹೊರಟು ಹೋದರು.

ಕಷ್ಟವಾದದ್ದು ಅವ್ವನಿಗೆ. ಅಪ್ಪ ಬಿಟ್ಟದ್ದು ತಮ್ಮದನ್ನು. ಹೋದದ್ದರಲ್ಲಿ ಅವ್ವನ ಪಾಲೂ ಇತ್ತು. ಇಳಕಲ್ಲ ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ಅವಳು ಜಗಳವಾಡಲಿಲ್ಲ. ಕೆಲಸ ಮಾಡುತ್ತ ಮಾಡುತ್ತ ಒಮ್ಮೊಮ್ಮೆ, “ನಿಮ್ಮ ದೇವರ ಕಿವಿ ಭಾಳ ಚುರುಕ ಇರಬೇಕು. ನಮಗಂತೂ ಏನೂ ಕೇಳಂಗಿಲ್ಲ,” ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದರು. ಕಾಲು ತೊಳೆಯುತ್ತ “ಹೆಂಗಾತು?” ಎನ್ನುವುದನ್ನು ಅವರು ಬಿಟ್ಟಿದ್ದರು. ಬಿಟ್ಟದ್ದು ಸುಲಭವಾಗಿ ಅಲ್ಲ. ಬಾಯಿ ತೆರೆದು, ಆ ಮಾತು ಬರುವ ಜಾಗದಲ್ಲಿ ಸುಮ್ಮನೆ ನೀರು ಮುಕ್ಕಳಿಸಿ ಉಗುಳುವುದನ್ನು ನಾನು ನೋಡಿದ್ದೇನೆ.

ಇದೆಲ್ಲ ಆದ ಎಷ್ಟೋ ವರ್ಷಗಳ ಮೇಲೆ, ನಾನು ಪುಣೆಯಿಂದ ದೇವರನ್ನು ಕಳಕೊಂಡು ಬಂದೆ. ಕಳಕೊಂಡೆ ಎಂದು ಹೇಳುವುದೂ ದೊಡ್ಡ ಮಾತು. ಯಾವುದೋ ಊರಿನ ಧರ್ಮಶಾಲೆಯಲ್ಲಿ ಛತ್ರಿ ಮರೆತು ಬಂದಂತೆ ಬಂದೆ. ಅಪ್ಪನಿಗೆ ಅದು ತಿಳಿಯಿತು, ಅವರು ಕೇಳಲಿಲ್ಲ. ಒಂದು ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದಾಗ ನಾನೇ ಕೆಣಕಿದೆ. ಜನರ ಹೊಗಳಿಕೆ ಬೇಡವೆಂದು ಬಿಟ್ಟಿರಿ, ದೇವರೊಬ್ಬನು ಮೆಚ್ಚಿದರೆ ಸಾಕೆಂದಿರಿ, ಆ ಕಡೆಯಿಂದ ಮೆಚ್ಚಿದ ಸುದ್ದಿ ಏನಾದರೂ ಬಂತೇ ಎಂದು ಕೇಳಿದೆ. ಕೇಳಿದ ರೀತಿ ಒರಟಾಗಿತ್ತು.

ಅಪ್ಪ ರಸ್ತೆಯ ಕಡೆ ಮುಖ ತಿರುಗಿಸಿದರು. “ಆ ಕಡೆಯಿಂದ ಛಲೋ ಆತು ಅಂತ ಯಾರೂ ಅನ್ನಂಗಿಲ್ಲಪಾ,” ಎಂದರು. “ಮೊದಲ ಮೊದಲ ಭಾಳ ತ್ರಾಸ ಆತು. ಈಗ ರೂಢಿ ಆಗೇತಿ.”

“ಅಲ್ಲಿ ಯಾರೂ ಇಲ್ಲದ್ದಕ್ಕ ಅನ್ನಂಗಿಲ್ಲೋ ಏನೋ.”

“ಅದನ್ನ ನೀ ಹುಡುಕು,” ಎಂದರು ಅಪ್ಪ. “ನಿನಗ ಅದಕ್ಕ ಪಗಾರ ಕೊಡ್ತಾರ.”

ಸಂಶಯಕ್ಕೆ ಪಗಾರ ಎಂದು ಆಗಲೇ ನಾನು ನಿಮ್ಮೆದುರು ಹೇಳಿದ್ದು ನನ್ನ ಸ್ವಂತ ಮಾತಲ್ಲ ಎಂಬುದು ಇದರಿಂದ ತಿಳಿಯಿತಲ್ಲ. ನನ್ನ ಹತ್ತಿರ ಇರುವ ಒಳ್ಳೆಯ ಮಾತುಗಳೆಲ್ಲ ಹೀಗೇ ಯಾರವೋ.

ಅವ್ವ ಮೊದಲು ಹೋದಳು. ಅಪ್ಪ ಹೋದದ್ದು ಎರಡನೆಯ ಮಹಾಯುದ್ಧ ಶುರುವಾಗುವ ಮೊದಲು. ಮಣ್ಣು ಕೊಡುವ ಮುಂಚೆ ಹಿರಿಯರಾದ ದಾನಪ್ಪನವರೇ ಪ್ರಾರ್ಥನೆ ಮಾಡಿದರು. ಕೇಳುತ್ತ ಕೇಳುತ್ತ ನನ್ನ ಎಡಗಣ್ಣು ತೆರೆಯಿತು. ಆಕಾಶದಿಂದ ಮಾತು ಹೊಲಕ್ಕೆ ಇಳಿಯಿತು. ಹೊಲದಿಂದ ಊರು, ಊರಿನಿಂದ ಮನೆ. ಇಷ್ಟು ವರ್ಷ ಮಾತು ಬಿಟ್ಟಿದ್ದ ಮನುಷ್ಯ ಅಪ್ಪನ ಹಳೆಯ ಪ್ರಾರ್ಥನೆಯನ್ನು ಒಂದು ಚೂರೂ ಬಿಡದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅಪ್ಪನ ಹೆಸರು ಬರುವ ಮೊದಲು ಅವರೂ ಸುಮ್ಮನಾದರು. ಶವಪೆಟ್ಟಿಗೆಯ ಆಚೆ ಬದಿಯಲ್ಲಿ ನಿಂತಿದ್ದ ಅಕ್ಕನ ಕಣ್ಣೂ ತೆರೆದಿತ್ತು. ತುಟಿ ಮಾತ್ರ ಅಲುಗಿಸಿ ಅವಳು “ಕೆರಿ ಬಂತು” ಎಂದಳು. ನಾವಿಬ್ಬರೂ ಅತ್ತೆವು. ಅದು ನಗು ಇದ್ದರೂ ಇರಬಹುದು. ನೋಡಿದವರಿಗೆ ಅಳುವಿನಂತೆಯೇ ಕಂಡಿತು. ಹಿರಿಯರ ಪ್ರಾರ್ಥನೆ ಬಹಳ ಚೆನ್ನಾಯಿತು ಎಂದು ಆ ಮೇಲೆ ಎಲ್ಲರೂ ಹೇಳಿದರು.

ಅಪ್ಪನ ತೆರೆದ ಕಣ್ಣಿನ ಕಥೆಯನ್ನು ನಾನು ಅನೇಕರಿಗೆ ಹೇಳಿದ್ದೇನೆ. ಕಾಲೇಜಿನಲ್ಲಿ ಮಧ್ಯಾಹ್ನದ ಚಹದ ಹೊತ್ತಿಗೆ ಹೇಳಿದ್ದೇನೆ. ತರಗತಿಯಲ್ಲಿ, ಕಣ್ಣಾರೆ ಕಂಡ ಸಾಕ್ಷಿಯ ಬೆಲೆ ಎಂಬ ಪಾಠದಲ್ಲಿ ಹೇಳಿದ್ದೇನೆ. ಎಲ್ಲಿ ಹೇಳಿದರೂ ಜನ ಸುಮ್ಮನಾಗುತ್ತಾರೆ. “ಅಪ್ಪನ ಒಂದು ಕಣ್ಣು ತೆರೆದಿತ್ತು” ಎಂಬ ಮಾತಿನ ಮುಂಚೆ ನಾನೂ ಒಂದು ಗಳಿಗೆ ನಿಲ್ಲುತ್ತೇನೆ. ನಿಂತು, ಕೊನೆಯ ಬಾಕಿನ ಹುಡುಗರ ಮುಖ ನೋಡುತ್ತೇನೆ.

ಹೋದ ವಾರ ಅಕ್ಕ ಗದಗಿನಿಂದ ಬಂದಿದ್ದಳು. ಗಂಡನ ಮನೆ ಅಲ್ಲಿ. ಸಂಜೆ ನನಗೆ ಔಷಧ ಹಾಕಿ, ಹೆಂಡತಿ ಎಂದಿನಂತೆ ಬೈದು, ನನ್ನ ಎಡಗಣ್ಣಿನ ದೂರನ್ನು ಅವಳ ಮುಂದೆ ಹೇಳಿದಳು. ಅದಕ್ಕೆ ಉತ್ತರವಾಗಿ ನಾನು ಅಮ್ಮಿನಬಾವಿಯ ಕಥೆ ತೆಗೆದೆ. ಮಾಡದ ದೀಪ, ಕಣಿಕಿಯ ವಾಸನೆ, ಬೀಸುಕಲ್ಲು, ಎಲ್ಲ ಹೇಳಿದೆ. ನಿಲ್ಲಬೇಕಾದಲ್ಲಿ ನಿಂತೆ. ಹೆಂಡತಿ ಕೇಳಿದ ಕಥೆಯೇ ಆದರೂ ಕೆಲಸ ಬಿಟ್ಟು ಕೇಳಿದಳು. ಅಕ್ಕ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ನೀ ಎಲ್ಲಿದ್ದಿ ಆವತ್ತು?” ಎಂದಳು.

“ಎಲ್ಲಿದ್ದಿ ಅಂದ್ರ? ನಿನ್ನ ಬಾಜೂನ ಕುಂತಿದ್ದೆ.”

“ನಿನಗ ಗೊಬ್ಬರ ಎದ್ದಿತ್ತು, ತಮ್ಮಾ. ಮೈ ತುಂಬಾ. ಮನ್ಯಾಗ ಹಾಸಿಗಿ ಹಿಡದಿದ್ದಿ. ಅವ್ವ ನಿನ್ನ ಕಡೆ ಉಳದಿದ್ಲು. ಅಮ್ಮಿನಬಾವಿಗೆ ಹೋದವರು ಅಪ್ಪ ಮತ್ತ ನಾನು. ಕಣ್ಣ ತೆರದಾಕಿ ನಾನು.”

ಗೊಬ್ಬರ, ಅಂದರೆ ದಡಾರ, ಎದ್ದದ್ದು ಸುಳ್ಳಲ್ಲ. ಕೋಣೆಗೆ ಕತ್ತಲೆ ಮಾಡಿ ಮಲಗಿಸಿದ್ದು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಲು ಬಂದ ಪಕ್ಕದ ಮನೆಯಾಕೆಯ ಜೊತೆ ಅವ್ವ ವಾದಿಸಿದ್ದು ನನಗೂ ನೆನಪಿದೆ. ಅದು ಅದೇ ವರ್ಷವೇ ಎಂದು ಕೇಳಿದೆ. ಅದೇ ವಾರ ಎಂದಳು. ಬೀಸುಕಲ್ಲು ಎಂದೆ. ಅದನ್ನು ತಾನೇ ಹೇಳಿದ್ದು ಎಂದಳು. ಹಾಸಿಗೆಯಲ್ಲಿ ಬೇಸರವಾಗಿ ಅಳುತ್ತಿದ್ದಿ, ನಗಿಸಲಿಕ್ಕೆಂದು ಎಲ್ಲ ಹೇಳಿದೆ, ನೀನು ನಗಲಿಲ್ಲ, ಕಣ್ಣು ದೊಡ್ಡದು ಮಾಡಿ ಕೇಳಿದಿ ಎಂದಳು.

ಆ ದೀಪದ ಬೆಳಕಿನಲ್ಲಿ ಹೊರಳಿ ನನ್ನನ್ನು ನೋಡಿದ ಅಪ್ಪನ ಕಣ್ಣು ಈಗಲೂ ನನಗೆ ಕಾಣುತ್ತಿದೆ. ಅದು ನನ್ನನ್ನು ನೋಡಿಯೇ ಇಲ್ಲ ಎಂದರೆ ಹೇಗೆ. “ನೀನೂ ಮರತಿರಬೇಕು, ಅಕ್ಕಾ. ಭಾಳ ವರ್ಷ ಆತು,” ಎಂದೆ.

ಅಕ್ಕ ಅವರೆಯ ಸಿಪ್ಪೆಯನ್ನು ಮೊರದ ಒಂದು ಬದಿಗೆ ಸರಿಸಿದಳು. “ಮುಂದಿಂದು ನಿನಗ ಗೊತ್ತೈತೇನು ಹಂಗಾರ?”

“ಮುಂದೇನೈತಿ? ಆಮೆನ್ ಅಂದ್ರು, ಕುಂತ್ರು.”

“ವಾಪಸ ಬರೂಮುಂದ ಚಕ್ಕಡ್ಯಾಗ ಕುಂತ ಕೂಡ್ಲೇ ಎಲ್ಲಾರೂ ಹೊಗಳಾಕ ಚಾಲೂ ಮಾಡಿದ್ರು. ಅಪ್ಪ ‘ಗಾಡಿ ನಿಂದ್ರಸ್ರಿ, ಕಾಲ ಹಿಡದಾವು, ನಡೀತೇನಿ’ ಅಂತ ಇಳದುಬಿಟ್ರು. ನಾನೂ ಇಳದೆ. ಗಾಡಿ ಮುಂದ ಹೋತು. ಭಾಳ ದೂರ ನಡದ್ವಿ. ಆಮ್ಯಾಲ ಅಪ್ಪ, ‘ನೀ ಯಾಕ ಕಣ್ಣ ತೆರದಿದ್ದಿ?’ ಅಂದ್ರು. ‘ಮಾರ್ತವ್ವ ಅಳತಾಳೇನು ಅಂತ ನೋಡಾಕ’ ಅಂದೆ. ‘ನಾನೂ ಅದಕ್ಕ’ ಅಂದ್ರು.”

ಹೆಂಡತಿ ಬಾಟಲಿಯ ಬೂಚು ಹಾಕುವುದನ್ನು ಮರೆತು ನಿಂತಿದ್ದಳು.

“ಆಮ್ಯಾಲ?” ಎಂದೆ.

“ಆಮ್ಯಾಲ ಇನ್ನಷ್ಟ ದೂರ ನಡದ್ವಿ. ‘ಆಕಿ ಮಗ ಹೋಗ್ಯಾನ. ಆಕಿ ಅತ್ತರ ನಂದು ಛಲೋ ಆತು ಅಂತ ತಿಳಕೋತಿದ್ದೆ ನೋಡವಾ’ ಅಂದ್ರು. ‘ಅವ್ವನ ಮುಂದ ಹೇಳಬ್ಯಾಡ’ ಅಂದ್ರು. ನಾ ಯಾರ ಮುಂದೂ ಹೇಳಲಿಲ್ಲ. ನಿನಗೂ ಅಷ್ಟ ಬಿಟ್ಟು ಉಳಿದದ್ದ ಹೇಳಿದೆ.”

ಅಪ್ಪ ಗಾಡಿಯಿಂದ ಇಳಿದದ್ದು, ಜೋಳದ ಹೊಲಗಳ ನಡುವೆ ಇಬ್ಬರೂ ನಡೆದದ್ದು ನನ್ನ ನೆನಪಿನಲ್ಲಿ ಎಲ್ಲಿಯೂ ಇರಲಿಲ್ಲ. ಕಂಡವರಿಗೆ ಗೊತ್ತಿರುವ, ಕೇಳಿ ಹೇಳುವವರಿಗೆ ಗೊತ್ತಿರದ ಭಾಗ ಇದು. ತರಗತಿಯಲ್ಲಿ ಇಂಥ ಕಡೆ ನಾನು ತೀರ್ಪು ಹೇಳಲು ಒಂದು ಕ್ಷಣವೂ ತಡಮಾಡುವುದಿಲ್ಲ. ಇಷ್ಟು ವರ್ಷ ಹೇಳಿಕೊಂಡು ಬಂದ ಕಥೆ ನನ್ನದಲ್ಲ. ಹೊಗಳಿಸಿಕೊಂಡದ್ದು ಮಾತ್ರ ನಾನು. ಅದನ್ನು ಹೇಳಿ ಒಂದು ಸಲವೂ ಯಾರಿಂದಲೂ ಹೊಗಳಿಸಿಕೊಳ್ಳದೆ ಅಕ್ಕ ಗದಗಿನಲ್ಲಿ ಮಕ್ಕಳನ್ನು ಸಾಕಿ, ಅತ್ತೆಯನ್ನು ನೋಡಿಕೊಂಡು, ಹಲ್ಲು ಉದುರಿಸಿಕೊಂಡಿದ್ದಾಳೆ. ಅವಳಿಗೆ ಇದರಲ್ಲಿ ದೊಡ್ಡದೇನೂ ಕಂಡಂತಿರಲಿಲ್ಲ. ಅವರೆ ಈ ಸಲ ಬಹಳ ಹುಳ ಎಂದು ಹೆಂಡತಿಗೆ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ಹೊರಟಳು. ಗದಗಿನ ಗಾಡಿಗೆ ಸ್ಟೇಶನ್ನಿಗೆ ಹೋಗಬೇಕು. ಟಾಂಗಾ ಬಾಗಿಲಿಗೆ ಬಂದು ನಿಂತಿತ್ತು. ಹೆಂಡತಿ ಅದೇ ಆಗ ನನಗೆ ಔಷಧ ಹಾಕಿದ್ದಳು. ನಮ್ಮಲ್ಲಿ ಪ್ರಯಾಣಕ್ಕೆ ಹೊರಡುವವರು ಪ್ರಾರ್ಥನೆ ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ಈ ಮನೆಯಲ್ಲಿ ಆ ಕೆಲಸ ಯಾವಾಗಲೂ ನನ್ನ ಹೆಂಡತಿಯದು; ನಾನು ಆ ಹೊತ್ತಿಗೆ ಚಪ್ಪಲಿ ಹುಡುಕುತ್ತೇನೆ. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನ ಕಡೆ ತಿರುಗಿದಳು.

“ನೀ ನಡಸು,” ಎಂದಳು.

ನನಗೆ ಇದರಲ್ಲಿ ನಂಬಿಕೆ ಇಲ್ಲ ಎಂಬುದು ಅವಳಿಗೆ ಗೊತ್ತು. ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ. ಹೊರಗೆ ಕುದುರೆ ಕಾಲು ಬದಲಿಸಿತು. ಟಾಂಗಾದವನು ಕೆಮ್ಮಿದ. ಔಷಧ ಕಣ್ಣಲ್ಲಿ ಉರಿಯುತ್ತಿತ್ತು. ನಾನು ಎರಡೂ ಕಣ್ಣು ಮುಚ್ಚಿದೆ.

“ಕರ್ತನ, ಈಕಿ ನಿನಗ ಗೊತ್ತದಾಳ,” ಎಂದೆ. ಮುಂದೆ ಏನೂ ತೋಚಲಿಲ್ಲ. ಅದನ್ನು ಯಾರಿಗೆ ಹೇಳಿದೆನೋ ನನಗೆ ಗೊತ್ತಿಲ್ಲ. ಆ ಕಡೆ ಯಾರಾದರೂ ಇದ್ದರೋ ಇಲ್ಲವೋ, ಬಹಳ ಸುಮ್ಮನಿತ್ತು. ಹೆಂಡತಿ ಕಣ್ಣು ಮುಚ್ಚಿದ್ದಳೋ, ಅಕ್ಕ ಒಂದೆಳೆ ತೆರೆದುಕೊಂಡು ನನ್ನ ಮುಖ ನೋಡುತ್ತಿದ್ದಳೋ, ನಾನು ನೋಡಲಿಲ್ಲ. ಎಡಗಣ್ಣು ಒಮ್ಮೆ ಮಿಡುಕಿತು. ಹಿಡಿದುಕೊಂಡೆ. ಔಷಧ ಗಲ್ಲಕ್ಕೆ ಇಳಿಯದೆ ಒಳಗೇ ಉಳಿಯಿತು.

“ಆಮೆನ್,” ಎಂದಳು ಅಕ್ಕ.

ಗಂಟು ಎತ್ತಿಕೊಂಡು ಅವಳ ಹಿಂದೆ ಟಾಂಗಾದವರೆಗೆ ಹೋದೆ. ಅವಳು ಹತ್ತಿ ಕುಳಿತು, ಸೀರೆ ಸರಿಮಾಡಿಕೊಂಡು, ಔಷಧ ತಪ್ಪಿಸಬೇಡ ಎಂದಳು. ಹೆಂಗಾತು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು ನಿಂತಿತ್ತು. ಅವಳು ಏನಾದರೂ ಹೇಳುತ್ತಾಳೆಯೇ ಎಂದು ಕಾದೆ. ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ. ಟಾಂಗಾ ಹೊರಟಿತು.